ಸ್ಪಷ್ಟನೆ: ನಾನ್‌ಸ್ಟಾಪ್ ಕಂಪ್ಯೂಟರ್‌ಗಳು ಬಂದ್ ಆಗುತ್ತಿಲ್ಲ

‘ಬ್ಯಾಂಕುಗಳ ಟ್ಯಾಂಡೆಮ್ ಕಂಪ್ಯೂಟರ್ ಬಂದ್ ಆಗುತ್ತಿದೆ, ಖಾತೆಯಲ್ಲಿರುವ ಅಡಿಕೆ ದುಡ್ಡನ್ನು ಇಂದೇ ಬಿಡಿಸಿಕೊಳ್ಳಿ’ ಎಂಬ ಸಂದೇಶ ತೀರ್ಥಹಳ್ಳಿ, ಸಾಗರದ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಅದು ಸರಿಯಲ್ಲ. ಟ್ಯಾಂಡೆಮ್ ಎಂದರೆ ಒಂದು ಭಾಗ ಕೆಟ್ಟರೂ ಕೆಲಸ ನಿಲ್ಲಿಸದಂತೆ ರೂಪಿಸಿದ ಕಂಪ್ಯೂಟರ್; ಅದರ ಇಂದಿನ ಹೆಸರೇ ನಾನ್‌ಸ್ಟಾಪ್. ನಿಂತಿರುವುದು ಅದರ ಹಿಂದಿನ ಮಾದರಿಗಳಲ್ಲಿ ಬಳಸುತ್ತಿದ್ದ, ಇಂಟೆಲ್ ಕಂಪನಿಯ ಇಟಾನಿಯಂ ಎಂಬ ಪ್ರೊಸೆಸರ್ ಚಿಪ್ ಮಾತ್ರ. ಇಂಟೆಲ್ 2019ರಲ್ಲೇ ತಿಳಿಸಿದ್ದಂತೆ ಅದರ ಪೂರೈಕೆ 2021ರ ಜುಲೈಗೆ ಮುಗಿಯಿತು. 1976ರಲ್ಲಿ ಟ್ಯಾಂಡೆಮ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂದು, ಇಂದು ಎಚ್‌ಪಿಇ (ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್) ಕಂಪನಿಯ ನಾನ್‌ಸ್ಟಾಪ್ ಎನಿಸಿಕೊಂಡಿರುವ ವ್ಯವಸ್ಥೆ 2015ರಿಂದಲೇ ಸಾಮಾನ್ಯ ಸರ್ವರ್‌ಗಳಲ್ಲಿ ಬಳಸುವ ಎಕ್ಸ್86 ಪ್ರೊಸೆಸರ್‌ಗಳಲ್ಲೂ ದೊರೆಯುತ್ತಿದೆ. ಒಂದು ಪ್ರೊಸೆಸರ್‌ನಲ್ಲಿ ನಡೆಯುವ ಕೆಲಸದ ಸ್ಥಿತಿಯನ್ನು ಇನ್ನೊಂದರಲ್ಲಿರುವ ಜೋಡಿ ಪ್ರೋಗ್ರಾಮಿಗೆ ಆಗಾಗ ಕಳುಹಿಸುತ್ತಿದ್ದು, ಮೊದಲನೆಯದು ಕೆಟ್ಟರೆ ಎರಡನೆಯದು ಅಲ್ಲಿಂದಲೇ ಮುಂದುವರಿಸುವ ಮೂಲ ಕ್ರಮ ಹೊಸ ಯಂತ್ರದಲ್ಲೂ ಉಳಿದಿದೆ. ಹಳೆಯ ಪ್ರೋಗ್ರಾಮುಗಳನ್ನು ಮತ್ತೆ ಕಂಪೈಲ್ ಮಾಡಿ (ಹೊಸ ಚಿಪ್‌ಗೆ ಹೊಂದುವಂತೆ ಪರಿವರ್ತಿಸಿ) ಪರೀಕ್ಷಿಸಬೇಕಾಗುವುದು ನಿಜ, ಆದರೆ ಅದು ಬ್ಯಾಂಕಿನ ತಂತ್ರಜ್ಞರ ಕೆಲಸ, ಖಾತೆದಾರರದ್ದಲ್ಲ. (ಮಳೆಗಾಲದಲ್ಲಿ ನಮ್ಮ ಕಡೆ ಎಟಿಎಂ ನಿಂತರೆ ಮೊದಲು ಕರೆಂಟನ್ನೂ ಕೇಬಲನ್ನೂ ಅನುಮಾನಿಸುವುದು ಲೇಸು.) ದಯವಿಟ್ಟು ಆ ಸಂದೇಶವನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ.