ಇಲ್ಲದ ಚುಕ್ಕಿಗಳಿಗೆ ಭದ್ರ ಬೀಗ

ಡಿವಿಡಿ ಪ್ಲೇಯರಿನ ರಟ್ಟಿನ ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರಿಗಿಂತ ದೊಡ್ಡದಾಗಿ ಅಚ್ಚಾಗಿರುವುದು ಒಂದು ಸಂಖ್ಯೆ: 1080ಪಿ, ಅಂದರೆ ಚಿತ್ರದಲ್ಲಿ 1080 ಸಾಲು. ಅದರ ಬಾಲದಲ್ಲಿ, ಇರುವೆಗಳು ಓದಿಕೊಳ್ಳಲಿ ಎಂಬಷ್ಟು ಸಣ್ಣ ಅಕ್ಷರಗಳಲ್ಲಿ, ‘ಅಪ್‌ಸ್ಕೇಲಿಂಗ್’ ಎಂಬ ಪದ; ಚಿಕ್ಕ ಚಿತ್ರವನ್ನು ಹಿಗ್ಗಿಸುವುದು ಎಂದು ಅದರ ಅರ್ಥ. ಗ್ರಾಹಕ ಸಂಖ್ಯೆಯನ್ನು ಓದಿ ಹಣ ಎಣಿಸುತ್ತಾನೆ. ಕಂಪನಿ ಪದವನ್ನು ಅಚ್ಚು ಹಾಕಿ ಪಾಪ ಕಳೆದುಕೊಳ್ಳುತ್ತದೆ. ಇಬ್ಬರಿಗೂ ನೆಮ್ಮದಿ.

ತಟ್ಟೆಯೊಳಗೆ ನಿಜವಾಗಿ ಇರುವುದೆಷ್ಟು? 1996ರಲ್ಲಿ ಜಪಾನಿನ ಮಾರುಕಟ್ಟೆಗೆ ಇಳಿದಾಗಿನಿಂದ ಡಿವಿಡಿಯ ಅಳತೆ ಒಂದು ಕೂದಲೂ ಬೆಳೆದಿಲ್ಲ. ಅಮೆರಿಕ, ಜಪಾನಿನ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯ ತಟ್ಟೆಯಾದರೆ ಚಿತ್ರದಲ್ಲಿ ಅಡ್ಡಕ್ಕೆ 720 ಚುಕ್ಕಿ, ಮೇಲಿನಿಂದ ಕೆಳಕ್ಕೆ 480. ನಮ್ಮ ದೇಶದ ಪದ್ಧತಿಯಾದ ಪಾಲ್‌ನ ತಟ್ಟೆಯಾದರೆ 720 ಮತ್ತು 576. ಫುಲ್ ಎಚ್‌ಡಿ ಟಿವಿಯ ಪರದೆಯಲ್ಲಿ 1920 ಮತ್ತು 1080. ಗುಣಿಸಿ ಭಾಗಿಸಿ ನೋಡಿ, ಶೇಷವೇ ಉಳಿಯುವುದಿಲ್ಲ: ಒಂದಕ್ಕೆ ಸರಿಯಾಗಿ 6 ಪಟ್ಟು, ಇನ್ನೊಂದಕ್ಕೆ ಸರಿಯಾಗಿ 5 ಪಟ್ಟು. ಅಂದರೆ ಎನ್‌ಟಿಎಸ್‌ಸಿ ತಟ್ಟೆಯಲ್ಲಿ ನಾಯಕನ ಮುಖದ ಮೇಲಿನ ಆರು ಚುಕ್ಕಿಗಳಲ್ಲಿ ಐದಕ್ಕೆ ಜನನ ಪ್ರಮಾಣಪತ್ರವಿಲ್ಲ.

ಈ ಅನಾಥ ಚುಕ್ಕಿಗಳು ಹುಟ್ಟುವ ಬಗೆಯೂ ಸೊಗಸು. ಯಂತ್ರ ಅಕ್ಕಪಕ್ಕದವರನ್ನು ವಿಚಾರಿಸುತ್ತದೆ. ಎಡಗಡೆಯವನು ಕಪ್ಪು, ಬಲಗಡೆಯವನು ಬಿಳಿ. ಹಾಗಾದರೆ ನಡುವಿನವನು ಬೂದು. ತನಿಖೆ ಮುಗಿಯಿತು. ದುಬಾರಿ ಯಂತ್ರ ಇಡೀ ಬೀದಿಯನ್ನು ವಿಚಾರಿಸಿ ತೀರ್ಮಾನಕ್ಕೆ ಬರುತ್ತದೆ, ಅಗ್ಗದ ಯಂತ್ರ ಪಕ್ಕದ ಮನೆಗಷ್ಟೇ ಹೋಗಿ ಬರುತ್ತದೆ. ಎರಡೂ ಕಡೆ ನಡೆಯುವುದು ಊಹೆಯೇ. ಚಿತ್ರೀಕರಣದ ದಿನ ಆ ಜಾಗದಲ್ಲಿ ಮಚ್ಚೆಯಿತ್ತೋ ಸುಕ್ಕಿತ್ತೋ, ಬಲ್ಲವರು ಯಾರು?

ಇದಕ್ಕಿಂತ ದೊಡ್ಡ ತಮಾಷೆ, ಈ ಕೆಲಸಕ್ಕೆ ಟಿವಿಯೊಳಗೇ ಒಬ್ಬ ಆಳು ಕುಳಿತಿದ್ದಾನೆ. ಎಲ್‌ಸಿಡಿಯಾಗಲಿ ಪ್ಲಾಸ್ಮಾ ಆಗಲಿ, ಪರದೆಯ ಚುಕ್ಕಿಗಳ ಸಂಖ್ಯೆ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಚಿಕ್ಕ ಚಿತ್ರ ಒಳಬಂದರೆ ಅದನ್ನು ಪರದೆಯಗಲ ಹಿಗ್ಗಿಸದೆ ಟಿವಿಗೆ ಗತಿಯಿಲ್ಲ. ಆದ್ದರಿಂದ ನೀವು ಅಂಗಡಿಯಲ್ಲಿ ಹುಡುಕುತ್ತಿರುವ ಅಪ್‌ಸ್ಕೇಲರ್ ನಿಮ್ಮ ಮನೆಯ ಗೋಡೆಯ ಮೇಲೆ ಈಗಾಗಲೇ ನೇತಾಡುತ್ತಿದೆ. ಹೊಸ ಪ್ಲೇಯರ್ ತಂದರೆ ಆಗುವುದಿಷ್ಟೇ: ಊಹಿಸುವ ಹಕ್ಕು ಒಬ್ಬನಿಂದ ಇನ್ನೊಬ್ಬನಿಗೆ ವರ್ಗವಾಗುತ್ತದೆ. ಪರದೆ 1366ಕ್ಕೆ 768ರ ‘ಎಚ್‌ಡಿ ರೆಡಿ’ ಜಾತಿಯದಾದರೆ ನಾಟಕ ಇನ್ನೂ ರಂಗೇರುತ್ತದೆ. ಪ್ಲೇಯರ್ 576 ಸಾಲನ್ನು ಎಳೆದು 1080 ಮಾಡಿ ಕಳಿಸುತ್ತದೆ. ಟಿವಿ ಅದನ್ನು ಹಿಂಡಿ 768ಕ್ಕೆ ಇಳಿಸುತ್ತದೆ. ಬಳಿಕ ಓವರ್‌ಸ್ಕ್ಯಾನ್ ಎಂಬ ಹಳೆಯ ಚಾಳಿ ನೆನಪಾಗಿ, ನಾಲ್ಕೂ ಅಂಚನ್ನು ಕತ್ತರಿಸಿ, ಉಳಿದದ್ದನ್ನು ಮತ್ತೆ ಹಿಗ್ಗಿಸಿ ತುಂಬುತ್ತದೆ. ಇಷ್ಟೆಲ್ಲ ಕಸರತ್ತು ಮುಗಿಸಿ ಬಂದ ಚಿತ್ರಕ್ಕೆ ಸುಸ್ತಾಗಿದ್ದರೆ ತಪ್ಪು ಯಾರದು?

ಬೀಗದ ವಿಷಯಕ್ಕೆ ಬರೋಣ, ಏಕೆಂದರೆ ಈ ಕಥೆಯಲ್ಲಿ ಅಪ್ಪಟ ಬುದ್ಧಿವಂತಿಕೆ ಇರುವುದೇ ಅಲ್ಲಿ. ಡಿವಿಡಿಯನ್ನು ನಕಲು ಮಾಡಬಾರದೆಂದು ಚಿತ್ರೋದ್ಯಮ ಅದಕ್ಕೆ ಸಿಎಸ್‌ಎಸ್ ಎಂಬ ಗೂಢಲಿಪಿಯ ಬೀಗ ಹಾಕಿಸಿತ್ತು. 1999ರಲ್ಲಿ ಡಿಸಿಎಸ್‌ಎಸ್ ಎಂಬ ಪುಟ್ಟ ಪ್ರೋಗ್ರಾಂ ಆ ಬೀಗವನ್ನು ಮುರಿದು ಜಗತ್ತಿಗೆಲ್ಲ ಹಂಚಿತು. ಅಸಲಿ ಚಿತ್ರ, ತಟ್ಟೆಯಲ್ಲಿದ್ದಷ್ಟೂ ಚುಕ್ಕಿ, ಬೀದಿಗೆ ಬಂತು. ಆಮೇಲೆ ಅಪ್‌ಸ್ಕೇಲಿಂಗ್ ಯಂತ್ರಗಳು ಬಂದವು. ಆಗ ಜಾರಿಯಲ್ಲಿದ್ದ ಪರವಾನಗಿಯ ನಿಯಮ ಏನೆನ್ನುತ್ತಿತ್ತು? ಬೀಗ ಹಾಕಿದ ತಟ್ಟೆಯ ಚಿತ್ರವನ್ನು ಹಿಗ್ಗಿಸಿ ಹೊರಗೆ ಕಳಿಸುವುದಾದರೆ ಚಿತ್ರ, ಧ್ವನಿ ಎರಡನ್ನೂ ಡಿಜಿಟಲ್ ರೂಪದಲ್ಲಿ ಒಯ್ಯುವ ಎಚ್‌ಡಿಎಂಐ ಕೇಬಲಿನ ಹಾದಿಯಲ್ಲಿ, ನಕಲು ತಡೆಯುವ ಎಚ್‌ಡಿಸಿಪಿ ಎಂಬ ಕಾವಲುಗಾರನ ಜೊತೆಯಲ್ಲೇ ಕಳಿಸಬೇಕು. ಕೆಂಪು, ಹಸಿರು, ನೀಲಿ ತಲೆಯ ಕಾಂಪೊನೆಂಟ್ ತಂತಿಯಲ್ಲಿ 480 ಅಥವಾ 576 ಸಾಲಿನ ಆಚೆ ಒಂದು ಹೆಜ್ಜೆಯೂ ಇಡುವಂತಿಲ್ಲ. ಆ ತಂತಿಗೆ ತಾಕತ್ತಿಲ್ಲವೆಂದಲ್ಲ, 1080 ಸಾಲನ್ನು ಅದು ಆರಾಮವಾಗಿ ಹೊರುತ್ತದೆ. ಇನ್ನೊಮ್ಮೆ ಓದಿಕೊಳ್ಳಿ. ನಿಜವಾದ ಚುಕ್ಕಿಗಳು ಎಂದೋ ಕಳುವಾಗಿವೆ. ಈಗ ಕಾವಲಿರುವುದು ಯಂತ್ರ ತಾನೇ ಊಹಿಸಿಕೊಂಡ ಚುಕ್ಕಿಗಳಿಗೆ! ಕಳ್ಳನೇನಾದರೂ ನುಗ್ಗಿ ಆ ಬೂದು ಬಣ್ಣದ ಊಹಾಪೋಹವನ್ನು ಹೊತ್ತೊಯ್ದರೆ ಚಿತ್ರೋದ್ಯಮ ಉಳಿದೀತೆ?

ಎಚ್‌ಡಿಎಂಐ ಒಂದೇ ಹಾದಿ ಎಂದಮೇಲೆ ಆ ಕೇಬಲ್ ಪೆಟ್ಟಿಗೆಯೊಳಗೆ ಇರಬೇಕಲ್ಲವೆ? ಅಗ್ಗದ ಪ್ಲೇಯರಿನ ಪೆಟ್ಟಿಗೆ ತೆರೆದರೆ ಹೆಚ್ಚಾಗಿ ಸಿಗುವುದು ಹಳದಿ, ಕೆಂಪು, ಬಿಳಿ ತಲೆಯ ಹಳೆಯ ತಂತಿ. ಚಿತ್ರವನ್ನು ಹೊರುವ ಹಳದಿ ತಂತಿಗೆ ಎಚ್‌ಡಿಯ ಗಾಳಿಯೇ ಸೋಕಿಲ್ಲ. ಬೇಕಾದ ಕೇಬಲನ್ನು ಬೇರೆಯಾಗಿ ಕೊಳ್ಳಬೇಕು. ಆಗ ಮಾರಾಟಗಾರ ಚಿನ್ನದ ಲೇಪದ ಕೇಬಲ್ ಚಾಚಿ, “ಇದರಲ್ಲಿ ಬಣ್ಣ ಚೆನ್ನಾಗಿ ಬರುತ್ತದೆ ಸರ್” ಎನ್ನುತ್ತಾನೆ. ಅದರಲ್ಲಿ ಹರಿಯುವುದು ಸೊನ್ನೆ ಮತ್ತು ಒಂದು. ಚಿನ್ನದ ಮೇಲೆ ಹರಿದ ಸೊನ್ನೆಗೆ ಹೆಚ್ಚು ಬೆಲೆ ಬರುವ ಗಣಿತವನ್ನು ಇನ್ನೂ ಯಾರೂ ಬರೆದಿಲ್ಲ.

ಅಂಗಡಿಯ ಗೋಡೆಯ ಮೇಲೆ ಹೊಳೆಯುತ್ತಿರುವ ಹಕ್ಕಿ, ಜಲಪಾತಗಳನ್ನು ನೋಡಿ ಮರುಳಾಗಬೇಡಿ. ಆ ಹಕ್ಕಿ ಹುಟ್ಟಿನಿಂದಲೇ ಎಚ್‌ಡಿ. ಟಿವಿಯೂ ಅಂಗಡಿಯ ದೀಪಗಳಿಗೆ ಸರಿಸಾಟಿಯಾಗಿ ಬೆಳಕು, ಬಣ್ಣ, ಶಾರ್ಪ್‌ನೆಸ್ ಎಲ್ಲವನ್ನೂ ತುದಿಗೇರಿಸಿಕೊಂಡು ನಿಂತಿರುತ್ತದೆ. ಅದೇ ಶಾರ್ಪ್‌ನೆಸ್ಸನ್ನು ಮನೆಯಲ್ಲಿ ಡಿವಿಡಿಗೆ ಹಚ್ಚಿ ನೋಡಿ: ಪ್ರತಿ ಪಾತ್ರದ ಸುತ್ತ ಬಿಳಿಯ ಗೆರೆ ಏಳುತ್ತದೆ. ನಾಯಕನಿಗೆ ಪ್ರಭಾವಳಿ ಇದ್ದರೆ ಒಪ್ಪೋಣ; ಖಳನಾಯಕನಿಗೂ ಇದೆ, ಅವನ ಕೈಯ ಕತ್ತಿಗೂ ಇದೆ.

ದೊಡ್ಡವರೂ ಈ ಮಾಯೆಗೆ ಹೊರತಲ್ಲ. ಮುಂದಿನ ಪೀಳಿಗೆಯ ತಟ್ಟೆ ತನ್ನದೇ ಎಂದು ಎಚ್‌ಡಿ ಡಿವಿಡಿಯನ್ನು ಕಣಕ್ಕಿಳಿಸಿದ್ದ ತೋಷಿಬಾ, 2008ರ ಫೆಬ್ರವರಿಯಲ್ಲಿ ಎದುರಾಳಿ ಎಚ್‌ಡಿ ತಟ್ಟೆಯಾದ ಬ್ಲೂ-ರೇ ಎದುರು ಶಸ್ತ್ರ ಕೆಳಗಿಟ್ಟಿತು. ಅದೇ ವರ್ಷ ಆಗಸ್ಟ್‌ನಲ್ಲಿ ಎಕ್ಸ್‌ಡಿಇ ಎಂಬ ತಂತ್ರವುಳ್ಳ ಪ್ಲೇಯರ್ ತಂದು, ಹಳೆಯ ಡಿವಿಡಿಯನ್ನೇ ಎಚ್‌ಡಿಯ ಹತ್ತಿರಕ್ಕೆ ಒಯ್ಯುತ್ತೇವೆ ಎಂದಿತು. ಹೊಸ ತಟ್ಟೆ ಮಾರಾಟವಾಗದಿದ್ದರೆ ಹಳೆಯದರ ಮುಖಕ್ಕೇ ಹೊಳಪು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ನಾವಿರುವಾಗ ಅವರಿಗೇನು ಚಿಂತೆ?

ಪ್ಲೇಯರಿಗೆ ನಿಜವಾದ ಕೆಲಸವೇ ಇಲ್ಲವೆಂದಲ್ಲ, ಇದೆ. ತಟ್ಟೆಯಲ್ಲಿ ಚಿತ್ರ ಬೆಸ ಸಾಲು, ಸಮ ಸಾಲು ಎಂದು ಹೋಳಾಗಿ ಕುಳಿತಿರುವುದುಂಟು. ಅವನ್ನು ಸರಿಯಾಗಿ ಹೆಣೆಯದಿದ್ದರೆ ಓಡುವ ಕುದುರೆಯ ಅಂಚಿನಲ್ಲಿ ಬಾಚಣಿಗೆಯ ಹಲ್ಲು ಮೂಡುತ್ತದೆ. ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾವನ್ನು ಗುರುತಿಸಿ, ಈ ಹೋಳುಗಳನ್ನು ಯಥಾಸ್ಥಾನದಲ್ಲಿ ಜೋಡಿಸುವುದೇ ಒಳ್ಳೆಯ ಪ್ಲೇಯರಿನ ಲಕ್ಷಣ. ಡಿಇಂಟರ್‌ಲೇಸಿಂಗ್ ಎಂಬ ಈ ವಿದ್ಯೆಗೆ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರ ಸಿಗುವುದು ಅಪರೂಪ. ಪಾಪ, ಅದಕ್ಕೆ ಹೇಳಿಕೊಳ್ಳಲು ಒಂದು ಸಂಖ್ಯೆಯಿಲ್ಲ. ಎಚ್‌ಡಿಎಂಐ ಇರುವ, 480ಪಿ, 576ಪಿಯಿಂದ 1080ಪಿವರೆಗೆ ಬೇಕಾದ್ದನ್ನು ಆರಿಸಿಕೊಳ್ಳಲು ಬಿಡುವ ಅಗ್ಗದ ಯಂತ್ರವೊಂದು ಸಾಕು. ಕೈಯಲ್ಲಿ ಇನ್ನಷ್ಟು ಹಣವಿದ್ದರೆ ಬ್ಲೂ-ರೇ ಪ್ಲೇಯರ್ ಕೊಳ್ಳಿ; ಅದು ಡಿವಿಡಿಯನ್ನೂ ಹಿಗ್ಗಿಸುತ್ತದೆ, ನಿಜವಾದ ಎಚ್‌ಡಿಯನ್ನೂ ತೋರಿಸುತ್ತದೆ.

ಹಿಗ್ಗಿಸುವುದರಲ್ಲಿ ಟಿವಿ ಜಾಣನೋ ಪ್ಲೇಯರ್ ಜಾಣನೋ ಎಂದು ಮನೆಯಲ್ಲೇ ತಿಳಿಯಬಹುದು. ಒಂದೇ ದೃಶ್ಯವನ್ನು ಒಮ್ಮೆ 576ಪಿಯಲ್ಲಿ, ಒಮ್ಮೆ 1080ಪಿಯಲ್ಲಿ ಹಾಕಿ, ಯಾವುದು ಚೆನ್ನ ಎಂದು ಮನೆಯವರನ್ನು ಕೇಳಿ. ಬದಲಿಸಿದಾಗಲೆಲ್ಲ ಟಿವಿ ಆ ಸಂಖ್ಯೆಯನ್ನು ಮೂಲೆಯಲ್ಲಿ ಸಾರುವುದುಂಟು. ಮೊದಲು ಅಲ್ಲಿಗೊಂದು ಕಾಗದ ಅಂಟಿಸಿ. ಇಲ್ಲವಾದರೆ ಎಲ್ಲರೂ ದೊಡ್ಡ ಸಂಖ್ಯೆಯನ್ನೇ ಹೊಗಳುತ್ತಾರೆ, ಕನ್ನಡಕ ಹಾಕಿಕೊಳ್ಳದವರು ಎಲ್ಲರಿಗಿಂತ ಮೊದಲು.