ಭಾವನ 29, ನನ್ನ 26

ನಿನ್ನೆ ರಾತ್ರಿ ಹನ್ನೊಂದಕ್ಕೆ ಅಡುಗೆಮನೆ ಕಟ್ಟೆಯ ಮೇಲಿಂದ ರೆಸಿನ್ ಕೆರೆಯುತ್ತಿದ್ದೆ. ಬೆರಳಿಗೆ ಅಂಟಿದ್ದು ಇನ್ನೂ ಹೋಗಿಲ್ಲ.

ಮಗಳ ಮದುವೆ ಹಾರದ ನಾಲ್ಕು ಗುಲಾಬಿಯನ್ನು ಒಣಗಿಸಿ, ಗಾಜಿನಂತೆ ಗಟ್ಟಿಯಾಗುವ ರೆಸಿನ್ ಎಂಬ ಅಂಟುದ್ರವದೊಳಗೆ ಕೂರಿಸಿ ಪುಣೆಗೆ ಕಳಿಸಬೇಕು, ಅಷ್ಟೇ ಕೆಲಸ. ಮೊದಲ ಎರಕ ನೋಡಿ ಹೆಂಡತಿ ಕೇಳಿದಳು: "ಇದೇನ್ರೀ, ಹೂವನ್ನ ಸೋಡಾ ಬಾಟ್ಲಿಗೆ ಹಾಕಿದೀರಾ?"

ಗುಳ್ಳೆಗೆ ಎರಡು ಮದ್ದು. ಒತ್ತಡ ಹಾಕಿ ಕಣ್ಣಿಗೆ ಕಾಣದಷ್ಟು ಕುಗ್ಗಿಸಿ, ಒತ್ತಡದಲ್ಲೇ ಗಟ್ಟಿಯಾಗಲು ಬಿಡುವುದು ಒಂದು. ಎರಕ ಹೊಯ್ಯುವ ಮೊದಲೇ ವ್ಯಾಕ್ಯೂಮ್ ಮಾಡಿ, ಅಂದರೆ ಪಾತ್ರೆಯ ಗಾಳಿ ಹೀರಿ ತೆಗೆದು, ಗುಳ್ಳೆಯನ್ನು ಉಬ್ಬಿಸಿ ಮೇಲೆ ತಂದು ಒಡೆಸುವುದು ಇನ್ನೊಂದು. ಮೊದಲನೆಯದಕ್ಕೆ 40ರಿಂದ 60 ಪಿಎಸ್‌ಐ ಒತ್ತಡ ತಡೆಯುವ ಪಾತ್ರೆ ಬೇಕು. ಕುಕ್ಕರ್ ಕಡೆ ನೋಡಿದೆ. ಅದು 15ಕ್ಕೇ ಸೀಟಿ ಹೊಡೆಯುತ್ತದೆ. ಹೆಂಡತಿ ಅದಕ್ಕೂ ಮೊದಲು.

ಸರಿ, ವ್ಯಾಕ್ಯೂಮ್ ಪಂಪು ತಂದೆ. ಬೆನ್ನಿಗೇ ಮಂಗಳೂರಿನ ಭಾವನ ಫೋನು. ಅವರದೂ ಅದೇ ಪಂಪು.

"ಮೀಟರಿನ ಮುಳ್ಳು ಎಷ್ಟಕ್ಕೆ ನಿಂತಿದೆ?"

"26."

"ನಮ್ಮದು 29 ಉಂಟು ಮಾರಾಯಾ!"

ಅಲ್ಲಿಂದ ದಿನಾ ಇದೇ. ಹಬ್ಬಕ್ಕೆ ಶುಭಾಶಯ ಹೇಳಿದರೂ 29. ಅಕ್ಕನಿಗೆ ಜ್ವರವೆಂದು ಗಾಬರಿಯಾಗಿ ಫೋನ್ ಮಾಡಿ "ಎಷ್ಟಿದೆ ಈಗ?" ಅಂದರೆ, "29, ಅಲ್ಲಾಡುವುದಿಲ್ಲ" ಅಂದರು. ನಾನು ಪೈಪಿಗೆ ಟೆಫ್ಲಾನ್ ಟೇಪು ಸುತ್ತಿದೆ, ಮುಚ್ಚಳದ ರಬ್ಬರಿಗೆ ವ್ಯಾಸಲೀನ್ ಸವರಿದೆ, ಎಣ್ಣೆ ಬದಲಿಸಿದೆ. ಮುಳ್ಳು 26 ಬಿಟ್ಟು ಕದಲಲಿಲ್ಲ. ಪಂಪು ಹೊತ್ತು ಇಲ್ಲೇ ಬೆಂಗಳೂರಿನ ಎಸ್‌ಜೆಪಿ ರೋಡಿಗೆ ಹೋದೆ. ಅಂಗಡಿಯವನು ಹೊಸದೊಂದು ಬಿಚ್ಚಿ ತೋರಿಸಿದ. ಅದೂ 26. "ಇಲ್ಲಿ ಇಷ್ಟೇ ಸಾರ್ ಬರೋದು" ಅಂದ. ನಾನು ಜಗಳ ಕಾದೆ.

ಅವನು ಹೇಳಿದ್ದೇ ನಿಜ. ಆ ಮೀಟರು ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಒತ್ತಡ ಎಷ್ಟು ಕಡಿಮೆ ಎಂಬುದನ್ನು, ಪಾದರಸದ ಇಂಚಿನ ಲೆಕ್ಕದಲ್ಲಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರು ಮೇಲಿದೆ, ಇಲ್ಲಿನ ಗಾಳಿಯ ಒತ್ತಡವೇ ಸುಮಾರು 27 ಇಂಚು ಪಾದರಸ. ಕಡಲ ದಡದಲ್ಲಿ 30ರ ಹತ್ತಿರ. ಇರುವುದೇ 27 ಆದಮೇಲೆ 29 ಎಲ್ಲಿಂದ ತೆಗೆಯಲಿ, ಕೈಸಾಲ ಮಾಡಲೇ?

ಈ ಜ್ಞಾನೋದಯದ ಖುಷಿಯಲ್ಲೇ ನಿನ್ನೆ ಲೋಟದ ಮುಕ್ಕಾಲು ರೆಸಿನ್ ಸುರಿದೆ. ಕಾಲು ಭಾಗ ಮಾತ್ರ ತುಂಬಬೇಕಿತ್ತು. ಪಂಪು ಹಾಕಿದ್ದೇ ನೊರೆ ಹಾಲಿನಂತೆ ಏರಿತು. ಹಾಲಾದರೆ ಒಲೆ ಆರಿಸಬಹುದು. ನಾನು ಗಾಬರಿಯಲ್ಲಿ ಬೇರೆ ವಾಲ್ವ್ ತಿರುಗಿಸಿದೆ. ನೊರೆ ಪಾತ್ರೆ ತುಂಬಿ ಪೈಪಿಗೂ ನುಗ್ಗಿತು. ಅದನ್ನು ಒರೆಸಿ ಮುಗಿಸುವಷ್ಟರಲ್ಲಿ ಲೋಟದಲ್ಲಿ ಉಳಿದದ್ದು ಗಟ್ಟಿಯಾಗುತ್ತಾ ತನ್ನಷ್ಟಕ್ಕೇ ಕಾದಿತ್ತು. ಎತ್ತಿದೆ, ಕೈ ಸುಟ್ಟಿತು, ಬಿಟ್ಟೆ.

ಕೆರೆದು ಮುಗಿಸಿ ಆ ಸೋಡಾ ಬಾಟಲಿ ಎರಕವನ್ನು ದೀಪಕ್ಕೆ ಹಿಡಿದೆ. ಗುಲಾಬಿ ಎಸಳಿನಿಂದ ಸಾಲಾಗಿ ಗುಳ್ಳೆ. ಚಿಕ್ಕವಳಿದ್ದಾಗ ಮಗಳು ಸೋಪಿನ ಗುಳ್ಳೆ ಒಡೆದುಹೋಯಿತೆಂದು ಅಳುತ್ತಿದ್ದಳು. ಈಗ ಒಡೆಯದವು ಬೇಕಾದಷ್ಟಿವೆ, ಅವಳು ಪುಣೆಯಲ್ಲಿ.

ಬೆಳಿಗ್ಗೆ ಭಾವನಿಗೆ ಎತ್ತರದ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಅದೆಲ್ಲ ಸರಿ ಮಾರಾಯಾ. ಈಗ ಎಷ್ಟುಂಟು?"