ಡ್ರಾಯಿಂಗ್ ಪಿರಿಯಡ್ಡಿಗೆ ಲೆಕ್ಕದ ಮೇಷ್ಟ್ರು

ಪರೀಕ್ಷೆ ಹತ್ತಿರ ಬಂತು, ಅದರ ಹಿಂದೆಯೇ ಸುತ್ತೋಲೆಯೂ ಬಂತು. ಇನ್ನು ಮುಂದೆ ಡ್ರಾಯಿಂಗ್, ಸಂಗೀತದ ಪಿರಿಯಡ್ಡುಗಳಲ್ಲಿ ಗಣಿತ ನಡೆಯುತ್ತದೆ. ಪೋರ್ಷನ್ ಮುಗಿದಿಲ್ಲವಂತೆ. ಒಳ್ಳೆಯ ಏರ್ಪಾಡೇ ಬಿಡಿ. ಡ್ರಾಯಿಂಗ್ ಪೋರ್ಷನ್ ಬಾಕಿ ಇದೆ, ಎರಡು ದಿನ ಲೆಕ್ಕದ ಪಿರಿಯಡ್ ಬಿಟ್ಟುಕೊಡಿ ಅಂತ ಯಾರಾದರೂ ಕೇಳಿದ್ದು ನಿಮ್ಮ ಕಿವಿಗೆ ಬಿದ್ದಿದೆಯಾ?

ಹಾಗಂತ ಡ್ರಾಯಿಂಗ್ ಮೇಷ್ಟ್ರು ಸುಮ್ನೆ ಕೂತಿರುತ್ತಾರೆ ಅಂದುಕೊಳ್ಳಬೇಡಿ. ಗೇಟಿನ ಹತ್ತಿರ ‘ಸುಸ್ವಾಗತ’ ಬರೆಯುವವರು ಅವರು. ಪರೀಕ್ಷೆಗೆ ಡೆಸ್ಕಿನ ಮೇಲೆ ನಂಬರ್ ಹಾಕುವವರು ಅವರು. ಗಣಿತದಲ್ಲಿ ನೂರಕ್ಕೆ ನೂರು ತೆಗೆದವರ ಸರ್ಟಿಫಿಕೇಟಿನಲ್ಲಿ ದುಂಡಗೆ ಹೆಸರು ಬರೆಯುವವರೂ ಅವರೇ. ಇನ್‌ಸ್ಪೆಕ್ಷನ್ ಬಂತು ಅಂದರೆ ಗೋಡೆ ಮೇಲೆ ‘ಮಕ್ಕಳ ಸೃಜನಶೀಲತೆ ಅರಳಿಸೋಣ’ ಅಂತ ಎರಡು ಬಣ್ಣದಲ್ಲಿ, ಅಕ್ಷರಕ್ಕೆ ನೆರಳು ಬೇರೆ ಕೊಟ್ಟು ಬರೆಯುತ್ತಾರೆ. ಅದೇ ಗೋಡೆಯ ಒಳಗಡೆ ಮಕ್ಕಳು ಡ್ರಾಯಿಂಗ್ ಪುಸ್ತಕದ ಖಾಲಿ ಹಾಳೆಯಲ್ಲಿ ಲೆಕ್ಕದ ರಫ್ ವರ್ಕ್ ಮಾಡುತ್ತಿರುತ್ತಾರೆ. ಹಾಳೆ ದಪ್ಪ ನೋಡಿ, ಇಂಕು ಹಿಂದಕ್ಕೆ ಇಳಿಯಲ್ಲ.

ಕಲೆಯ ಪರ ವಾದ ಮಾಡುವವರೂ ಇದ್ದಾರೆ. ಅವರು ಇನ್ನೂ ಜೋರು. ಸಂಗೀತ ಕಲಿಸಿ, ಲೆಕ್ಕ ಚೆನ್ನಾಗಿ ಬರುತ್ತೆ ಅಂತಾರೆ! 1993ರಲ್ಲಿ ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದೇ ಪುಟದ ವರದಿ ಬಂತು. 36 ಕಾಲೇಜು ವಿದ್ಯಾರ್ಥಿಗಳಿಗೆ ಯುರೋಪಿನ ಹಳೇ ಸಂಗೀತಗಾರ ಮೊಜಾರ್ಟ್‌ನ ಸಂಗೀತವನ್ನು 10 ನಿಮಿಷ ಕೇಳಿಸಿ ಒಂದು ಬಗೆಯ ಬುದ್ಧಿ ಪರೀಕ್ಷೆ ಕೊಟ್ಟರು. ಸ್ವಲ್ಪ ಜಾಸ್ತಿ ಅಂಕ ಬಂತು. ಆದರೆ ಆ ಜಾಣತನ ಉಳಿದದ್ದು ಕಾಲು ಗಂಟೆ. ಅಷ್ಟಕ್ಕೇ ಊರೆಲ್ಲ ಗುಲ್ಲು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟಿದ ಕೂಸುಗಳಿಗೆಲ್ಲ ಶಾಸ್ತ್ರೀಯ ಸಂಗೀತದ ಸಿ.ಡಿ. ಹಂಚಲು ಹೊರಟರು. ಕೂಸಿಗಿನ್ನೂ ಕತ್ತು ನಿಂತಿಲ್ಲ, ಆಗಲೇ ಟ್ಯೂಷನ್ ಶುರು. ಪಾಪ ಮೊಜಾರ್ಟ್, ತಾನು ಬರೆದದ್ದು ಎಂಟ್ರೆನ್ಸ್ ಪರೀಕ್ಷೆಯ ತಯಾರಿಗೆ ಅಂತ ಗೊತ್ತಿಲ್ಲದೇ ಸತ್ತ.

ಈಗ ಸೃಜನಶೀಲತೆಗೇ ಪರೀಕ್ಷೆ ಬಂದಿದೆ. ದೇಶದೇಶಗಳ 15 ವರ್ಷದ ಮಕ್ಕಳಿಗೆ ನಡೆಯುವ ಪೀಸಾ ಪರೀಕ್ಷೆಯಲ್ಲಿ 2022ರಲ್ಲಿ ‘ಸೃಜನಶೀಲ ಚಿಂತನೆ’ಯನ್ನೂ ಅಳೆದರು. ಒಟ್ಟು 60 ಅಂಕ. ಸಿಂಗಪುರಕ್ಕೆ 41, ಶ್ರೀಮಂತ ದೇಶಗಳೇ ಹೆಚ್ಚಿರುವ ಓಇಸಿಡಿ ಕೂಟದ ಸರಾಸರಿ 33. ಇನ್ನೇನು ಗೈಡ್ ಒಂದು ಬರಬೇಕು: ‘ಹೊಸದಾಗಿ ಯೋಚಿಸುವುದು ಹೇಗೆ? ಹಿಂದಿನ ಹತ್ತು ವರ್ಷದ ಪ್ರಶ್ನೆಗಳು, ಮಾದರಿ ಉತ್ತರಗಳೊಂದಿಗೆ.’ ಬಾಯಿಪಾಠ ಮಾಡಿದವನಿಗೆ ರ‍್ಯಾಂಕ್.

ಲೆಕ್ಕದ ಮೇಷ್ಟ್ರ ಮೇಲೆ ನನಗೇನೂ ಸಿಟ್ಟಿಲ್ಲ. ಅವರಿಗೂ ರಿಸಲ್ಟಿನ ಕತ್ತಿ ನೆತ್ತಿ ಮೇಲೆ ತೂಗುತ್ತಿರುತ್ತೆ. ಆದರೆ ಗಣಿತ ಕಲಿತರೆ ಹಾಡು ಚೆನ್ನಾಗಿ ಬರುತ್ತಾ ಅಂತ ಯಾರೂ ಕೇಳಲ್ಲ ಅಲ್ವಾ? ಗಣಿತ ಗಣಿತಕ್ಕಾಗಿಯೇ ಬೇಕು, ಒಪ್ಪಿದೆ. ಚಿತ್ರ ಮಾತ್ರ ಯಾಕೆ ಇನ್ನೊಬ್ಬರ ಶಿಫಾರಸು ಹಿಡಿದು ಶಾಲೆಯ ಬಾಗಿಲಲ್ಲಿ ನಿಲ್ಲಬೇಕು? ಮಗುವಿಗೆ ಚಿತ್ರ ಬರೆಯೋದು ಬಂತು. ಅಷ್ಟು ಸಾಲದೇ?

ದುಡ್ಡಿದ್ದವರ ಮಕ್ಕಳು ಸಂಜೆ ಎಲ್ಲೋ ಕ್ಲಾಸಿಗೆ ಸೇರಿ ಕಲಿತುಕೊಳ್ಳುತ್ತಾರೆ. ಅವರ ಚಿಂತೆ ಬೇಡ. ಇಲ್ಲದ ಮನೆಯ ಮಗುವಿಗೆ ಬಣ್ಣ ಕೈಗೆ ಸಿಗುತ್ತಿದ್ದದ್ದು ವಾರಕ್ಕೆ ಆ ಒಂದು ಪಿರಿಯಡ್ಡಿನಲ್ಲಿ. ಅದನ್ನೂ ಕಿತ್ತುಕೊಂಡಿರಿ. ಸುತ್ತೋಲೆಗೆ ಸಹಿ ಹಾಕಿದವರು ಒಂದು ದಿನವಾದರೂ ಆ ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂತು ನೋಡಿದ್ದಾರಾ?